ಮೂರು ಸಲವೂ ಅದೇ ಹೆಗಲು

24-3-98, ಯಾದಗಿರಿ

ಎವಿಡೆನ್ಸ್ ಆಕ್ಟ್, ಮೂವತ್ತನೇ ಸೆಕ್ಷನ್ ತನಕ ಓದಿದೆ. ಓದಿದೆ ಅಂದರೆ ಪುಟ ತಿರುವಿದೆ. ರೂಮಿನ ಗೆಳೆಯ ಮಾನಪ್ಪ ಇಲ್ಲದಿದ್ದರೆ ತಲೆಗೆ ಏನೂ ಹತ್ತುವುದಿಲ್ಲ. ಅವನು ಹೇಳಿಕೊಟ್ಟರೆ ಕತ್ತೆಗೂ ಕಾನೂನು ಬರುತ್ತದೆ. ಕತ್ತೆ ಅಂದರೆ ನಾನೇ, ರಾಮಸಮುದ್ರದ ಮಾಸ್ತರರ ಮಗ ಈಶಪ್ಪ, ಇದೇ ಪೇಪರಿನಲ್ಲಿ ಹೋದ ವರ್ಷ ಫೇಲು.

ಮಧ್ಯಾಹ್ನ ಮಾನಪ್ಪ ಊರಿಂದ ಬಂದ. ಅವನ ಊರು ಸುರಪುರದ ಆಚೆ, ಕಾಲುವೆಯ ಕೊನೆಗೆ. ಭತ್ತಕ್ಕೆ ನೀರು ಕಟ್ಟಲು ಹೋಗಿದ್ದ. ಮುಖ ಸುಟ್ಟ ಬದನೆಕಾಯಿ. ಎಡ ತೋಳಿಗೆ ಅರಿವೆ ಸುತ್ತಿಕೊಂಡಿದ್ದಾನೆ. ನಾಯಿ ಕಚ್ಚಿತಂತೆ. ಬಿಡಿಸಿ ನೋಡಿದೆ. ಮೇಲೆ ಎರಡೇ ತೂತು, ಸುತ್ತ ನೀಲಿಗಟ್ಟಿದೆ.

"ಇದೆಂಥಾ ನಾಯಿಲೇ, ಎರಡೇ ಹಲ್ಲು? ನಿಮ್ಮೂರಾಗ ನಾಯಿಗೂ ಪೆನ್ಷನ್ ಆಗಿರ್ಬೇಕು" ಅಂದೆ.

ನಗಲಿಲ್ಲ. ಸಾಮಾನ್ಯವಾಗಿ ನನ್ನ ಕೆಟ್ಟ ಜೋಕಿಗೆ ನಗುವ ಒಬ್ಬನೇ ಮನುಷ್ಯ ಅವನು.

ಮನೆಯೊಡತಿ ಕುಬ್ರಾಬೇಗಂ ಮೇಲೆ ಓಡಿ ಬಂದರು, ಕೈಯಲ್ಲಿ ಖಾರದ ಪುಡಿ, ಎಣ್ಣೆ. "ಬೇಟಾ, ದವಾಖಾನಿಗಿ ಹೋಗು. ಹೊಟ್ಟಿಗಿ ಹದಿನಾಲ್ಕು ಸೂಜಿ ಹಾಕ್ತಾರ, ಹಾಕಿಸ್ಕೋ. ಹುಚ್ಚು ಹಿಡಿದ್ರ ನಿಮ್ಮವ್ವಗ ಏನ್ ಹೇಳ್ಲಿ ನಾ?" ಅಂದರು. ಸಾಕಿದ ನಾಯಿ ಕಾಕಿ, ಏನೂ ಆಗಲ್ಲ ಅಂದ. ಖಾರ ಹಚ್ಚಿಸಿಕೊಂಡ. ಹಲ್ಲು ಕಚ್ಚಿ ಕೂತ, ಕಣ್ಣಲ್ಲಿ ನೀರು.

ಅವನ ಅವ್ವ ಮರಿಲಿಂಗಮ್ಮ ಕಳಿಸಿದ ರೊಟ್ಟಿ, ಶೇಂಗಾ ಹಿಂಡಿ ನಾನೊಬ್ಬನೇ ತಿಂದೆ. ಆಕೆ ನನ್ನ ಪಾಲು ಅಂತ ಯಾವಾಗಲೂ ಬೇರೆ ಗಂಟು ಕಟ್ಟುತ್ತಾಳೆ.

27-3

ಪೇಪರಿನಲ್ಲಿ ನಮ್ಮ ಕಡೆಯ ಸುದ್ದಿ. ಸುರಪುರದ ಆಚೆ ಕಾಲುವೆಯ ಗೇಟು ಕಾಯುವ ಅಂಬ್ರಪ್ಪ ಅನ್ನುವ ಮುದುಕನನ್ನು ಯಾರೋ ದೂಡಿ ಕೊಂದಿದ್ದಾರೆ. ದೀಪ ಹಚ್ಚುವ ಹೊತ್ತು. ಹೆಂಡತಿ ತಿಮ್ಮವ್ವ ಬುತ್ತಿ ತಂದಿದ್ದಳು, ಕಣ್ಣಾರೆ ಕಂಡಿದ್ದಾಳೆ. ದೂಡಿದವನು ಗುರುತಿಲ್ಲದವನು. ನೀರಿನ ಜಗಳ ಇರಬೇಕಂತೆ.

ಸಾಬಣ್ಣ ಸರ್ ಅದನ್ನೇ ಕ್ಲಾಸಿಗೆ ಪ್ರಾಬ್ಲೆಮ್ ಮಾಡಿ ಕೊಟ್ಟರು. ಕೊಲೆ ಅಂತ 302 ಹಾಕಬೇಕೋ, ಉದ್ದೇಶವಿಲ್ಲದ ಸಾವು ಅಂತ 304 ಹಾಕಬೇಕೋ? ನಾನು ಎದ್ದು ಗಲ್ಲು ಅಂದೆ. ಮಾನಪ್ಪ ಎದ್ದ. ಆಯುಧ ಇಲ್ಲ, ಹಳೇ ದ್ವೇಷ ಇಲ್ಲ, ಕೊಲ್ಲುವ ಉದ್ದೇಶ ಇಲ್ಲ, ಸಿಟ್ಟಿನಲ್ಲಿ ದೂಡಿದ್ದು, 304 ಭಾಗ ಎರಡು ಅಂದ. ಬೆವರು ಇಳಿಯುವ ತನಕ ವಾದ ಮಾಡಿದ. ಸರ್ ಭೇಷ್ ಅಂದರು. ಇವನು ವಕೀಲನಾದರೆ ಯಾದಗಿರಿಯ ಕೊಲೆಗಾರರಿಗೆಲ್ಲ ಹಬ್ಬ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

31-3

ಗೇಟಿನ ಕೇಸಿನಲ್ಲಿ ಒಬ್ಬನನ್ನು ಹಿಡಿದಿದ್ದಾರೆ. ಭಾಗಣ್ಣ. ಕೃಷ್ಣಾ ದಂಡೆಯವನು, ಮೀನು ಹಿಡಿಯುವವನು, ಹೊಳೆಯಲ್ಲಿ ನೀರಿಳಿದ ಮೇಲೆ ಭತ್ತದ ಗದ್ದೆಯ ಕೂಲಿಗೆ ಈ ಕಡೆ ಬಂದಿದ್ದ. ಠಾಣೆಯಲ್ಲಿ ಒಪ್ಪಿಕೊಂಡನಂತೆ.

"ಮುಗೀತಲ್ಲ, ಒಪ್ಪಿಕೊಂಡಾನ" ಅಂದೆ.

"ಪೊಲೀಸ್ರ ಮುಂದ ಒಪ್ಪಿಕೊಂಡಿದ್ದು ಕೋರ್ಟಿನ್ಯಾಗ ನಡಿಯಂಗಿಲ್ಲ, ಸೆಕ್ಷನ್ ಇಪ್ಪತ್ತೈದು" ಅಂದ ಮಾನಪ್ಪ. "ಹೊಡೆದ್ರ ಯಾರಾದ್ರೂ ಒಪ್ತಾರ. ಆದ್ರ ಗೆಳೆಯನ ಮುಂದ ತಾನಾಗೇ ಹೇಳಿದ್ದು ನಡೀತದ. ಎಕ್ಸ್‌ಟ್ರಾ ಜುಡಿಷಿಯಲ್ ಕನ್ಫೆಷನ್. ಬರಕೋ, ಹತ್ತು ಮಾರ್ಕ್ಸಿಗಿ ಬರ್ತದ."

ಬರೆದುಕೊಂಡೆ. ಇದೊಂದು ತಲೆಗೆ ಹತ್ತಿತು.

8-4

ನಾಳೆ ಶಹಾಪುರಕ್ಕೆ. ಯಾವುದೋ ಕೇಸಿನಲ್ಲಿ ಗುರುತು ಪರೇಡ್ ಇದೆಯಂತೆ. ಆರೋಪಿಯ ವಯಸ್ಸಿನ, ಅದೇ ಮೈಕಟ್ಟಿನ ಹುಡುಗರು ಸಾಲಿನಲ್ಲಿ ನಿಲ್ಲಬೇಕು. ಸಾಕ್ಷಿ ಬಂದು ತಾನು ಕಂಡವನನ್ನು ಹುಡುಕಿ ತೆಗೆಯಬೇಕು. ತಹಸೀಲ್ದಾರರು ಸಾಬಣ್ಣ ಸರ್‌ಗೆ ಪರಿಚಯ. "ಓದೋದು ಬ್ಯಾರೆ, ನಿಲ್ಲೋದು ಬ್ಯಾರೆ" ಅಂತ ಕರಿ ಬಣ್ಣದ, ಉದ್ದನೆಯ, ಸಣಕಲ ಹುಡುಗರನ್ನು ಆರಿಸಿದರು. ಜೀವನದಲ್ಲಿ ಮೊದಲ ಸಲ ನನ್ನ ಬಣ್ಣಕ್ಕೆ ಬೆಲೆ ಬಂತು. ಮಾನಪ್ಪ ತಲೆನೋವು ಅಂದ. ಸರ್ ಬಿಡಲಿಲ್ಲ. ಕ್ಲಾಸಿನ ಜಾಣ ಹುಡುಗನೇ ಬರದಿದ್ದರೆ ಹೇಗೆ?

9-4, ಶಹಾಪುರ ಬಸ್ ಸ್ಟ್ಯಾಂಡು, ಸಂಜೆ

ಬಸ್ಸು ಬರುವ ಮೊದಲು ಎಲ್ಲ ಬರೆಯುತ್ತೇನೆ. ಮೊದಲಿಂದ.

ಜೈಲಿನ ಅಂಗಳ. ಪೊಲೀಸರನ್ನು ಹೊರಗೆ ಕಳಿಸಿದರು. ತಹಸೀಲ್ದಾರರು, ಇಬ್ಬರು ಪಂಚರು, ನಾವು. ಆಮೇಲೆ ಒಳಗಿಂದ ಆರೋಪಿಯನ್ನು ತಂದರು. ಭಾಗಣ್ಣ. ಗೇಟಿನ ಕೇಸೇ ಅಂತ ಆಗ ಗೊತ್ತಾಯಿತು. ಕಾಲು ಎಳೆದು ನಡೆಯುತ್ತಿದ್ದ. ಎಲ್ಲಿ ಬೇಕಾದರೂ ನಿಲ್ಲಬಹುದು ಅಂದರೆ ಅವನಿಗೆ ಅರ್ಥವೇ ಆಗಲಿಲ್ಲ. ಕೊನೆಗೆ ನನ್ನ ಪಕ್ಕಕ್ಕೆ ಬಂದು ನಿಂತ. ಮಾನಪ್ಪ ಬಹಿರ್ದೆಸೆಗೆ ಅಂತ ಹೋಗಿ, ಕರೆದ ಮೇಲೆ ಬಂದು ನನ್ನ ಎಡಕ್ಕೆ ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಕುಂಬಳಕಾಯಿ ಕಳ್ಳ ಅಂದ್ರ ನೀ ಯಾಕ್ಲೇ ಹೆಗಲು ಮುಟ್ಟಿ ನೋಡ್ಕೋತಿ?" ಅಂತ ಪಿಸುಗುಟ್ಟಿದೆ. ನಾನು ಹೇಳಿದ ಮಾತು ಇದು. ನಾನೇ.

ತಿಮ್ಮವ್ವ ಬಂದಳು. ಸಣ್ಣ ಮುದುಕಿ, ಬಳೆಯಿಲ್ಲದ ಬರಿಗೈ. ಅವಸರ ಮಾಡಲಿಲ್ಲ. ಒಬ್ಬೊಬ್ಬರ ಎದುರಿಗೂ ನಿಂತು, ತಲೆ ಎತ್ತಿ ನೋಡುತ್ತ ಬಂದಳು. ಭಾಗಣ್ಣನನ್ನು ನೋಡಿ ದಾಟಿದಳು. ನನ್ನನ್ನು ದಾಟಿದಳು. ಮಾನಪ್ಪನ ಹೆಗಲ ಮೇಲೆ ಕೈ ಇಟ್ಟಳು.

ಯಾರೋ ಕಿಸಕ್ಕನೆ ನಕ್ಕರು. ತಹಸೀಲ್ದಾರರು ಅವಳನ್ನು ಹೊರಗೆ ಕಳಿಸಿ ನಮ್ಮ ಜಾಗ ಬದಲಿಸಿದರು. ಮತ್ತೆ ಬಂದಳು, ಮತ್ತೆ ಮಾನಪ್ಪ. ಮೂರನೇ ಸಲ ಅಂಗಿಯನ್ನೂ ಬದಲಿಸಿಕೊಳ್ಳಿರಿ ಅಂದರು. ಮಾನಪ್ಪ ಗೋಡೆಗೆ ಮುಖ ಮಾಡಿ ನನ್ನ ಅಂಗಿ ಹಾಕಿಕೊಂಡ, ಹೊಸ ಮದುಮಗಳ ಹಾಗೆ. ಮೂರನೇ ಸಲವೂ ಅದೇ ಹೆಗಲು. ಈ ಸಲ ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ. ಮುದುಕಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು.

"ಸಾಕ್ಷಿದಾರಳು ಆರೋಪಿಯನ್ನು ಗುರುತಿಸಲಿಲ್ಲ" ಅಂತ ಬರೆಸಿದರು. ಅಷ್ಟೇ. ಸಾಲು ತುಂಬಲು ನಿಂತವನನ್ನು ಹಿಡಿದರೆ ಅದು ಗುರುತೇ ಅಲ್ಲ, ಕಾನೂನು ಹಾಗೆ.

ಮಾನಪ್ಪ ತಲೆ ಸಿಡಿಯಾಕತ್ತದ ಅಂತ ಮೊದಲ ಬಸ್ಸಿಗೆ ಹೋಗಿಬಿಟ್ಟ. ನಾವು ಬಸ್ ಸ್ಟ್ಯಾಂಡಿನಲ್ಲಿ ಚುರುಮುರಿ, ಮಿರ್ಚಿ ತಿನ್ನುತ್ತಿದ್ದೆವು. ತಿಮ್ಮವ್ವ ಕಂಬಕ್ಕೆ ಒರಗಿ ಕೂತಿದ್ದಳು. ನನಗೆ ವಕೀಲಿಕೆಯ ಉಮೇದು. ಕ್ರಾಸ್ ಎಕ್ಸಾಮಿನೇಶನ್ ಪ್ರಾಕ್ಟೀಸ್ ಮಾಡೋಣ ಅಂತ ಹೋದೆ.

"ಯವ್ವಾ, ತಪ್ಪು ಹಿಡದಿ ನೋಡು. ಅವ ನನ್ನ ಗೆಳೆಯ. ನಮ್ಮ ಜೋಡಿ ಓದೋ ಹುಡುಗ."

"ಗೆಳೆಯ ಏನು?" ಅಂದಳು. ಸಿಟ್ಟಿರಲಿಲ್ಲ. "ಹಂಗಾರ ಚಲೋ ಆತು. ಅವನ ಎಡದ ತೋಳು ನೋಡು ತಮ್ಮಾ. ಓಡಿಹೋಗಾಗ ಹಿಡಕೊಂಡು ಕಚ್ಚೀನಿ."

"ಪೊಲೀಸ್ರಿಗಿ ಹೇಳೀಯೇನು?"

"ಹೇಳೀನಿ. ಬರಕೊಳ್ಳಲಿಲ್ಲ. ಅವರು ಹಿಡದವನ ತೋಳಿನ್ಯಾಗ ಇಲ್ಲಲ್ಲ, ಹೆಂಗ ಬರಕೋತಾರ?"

ಬಾಯಿ ತೆರೆದು ತೋರಿಸಿದಳು. ಮೇಲೆ ಎರಡು ಹಲ್ಲು. ಎರಡೇ.

ಕೈಯಲ್ಲಿನ ಮಿರ್ಚಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಮೈಮೇಲೆ ಇನ್ನೂ ಅವನ ಅಂಗಿ ಇದೆ. ಬಿಚ್ಚಿ ಎಸೆಯೋಣ ಅನ್ನಿಸುತ್ತಿದೆ, ಬಸ್ ಸ್ಟ್ಯಾಂಡಿನಲ್ಲಿ ಹೇಗೆ ಬಿಚ್ಚಲಿ?

10-4

ನಿಜವಾಗಿಯೂ ನಾಯಿ ಇರಬಹುದು. ಜಗತ್ತಿನಲ್ಲಿ ಮುದಿ ನಾಯಿಗಳಿಲ್ಲವೇ?

ಓದಲಿಲ್ಲ.

13-4

ಸಾಬಣ್ಣ ಸರ್ ಕ್ಲಾಸಿನಲ್ಲಿ ಪರೇಡಿನ ಕಥೆ ಹೇಳಿದರು. ಕಣ್ಣಾರೆ ಕಂಡ ಸಾಕ್ಷಿ ಎಷ್ಟು ನಂಬಿಕೆಗೆ ಅರ್ಹ ಅನ್ನುವುದಕ್ಕೆ ಇಂಥ ಉದಾಹರಣೆ ಪುಸ್ತಕದಲ್ಲೂ ಸಿಗುವುದಿಲ್ಲವಂತೆ. "ಆ ಮುದುಕಿ ಇನ್ನ ಏನೇ ಹೇಳ್ಲಿ, ಡಿಫೆನ್ಸಿನವ್ರು ಒಂದೇ ಪ್ರಶ್ನೆ ಕೇಳಿದ್ರ ಸಾಕು. ಆಕಿ ಸಾಕ್ಷಿ ಸತ್ತಂಗ." ಎಲ್ಲರೂ ಮಾನಪ್ಪನ ಬೆನ್ನು ತಟ್ಟಿದರು. "ಏನೋ ಆರೋಪಿ" ಅಂತ ಕರೆಯುತ್ತಾರೆ ಈಗ. ಅವನೂ ನಗುತ್ತಾನೆ.

ಇದ್ದದ್ದನ್ನು ಇದ್ದ ಹಾಗೆ ಮೂರು ಸಲ ಹೇಳಿದಳು. ಮೂರು ಸಲ ಹೇಳಿದ್ದಕ್ಕೇ ಅವಳಿಗೆ ಕಣ್ಣು ಕಾಣುವುದಿಲ್ಲ ಅಂತಾಯಿತು. ಇದು ನನಗೆ ಅರಗುತ್ತಿಲ್ಲ. ಕ್ಲಾಸಿನಿಂದ ಎದ್ದು ಹೊರಗೆ ಹೋದೆ.

ಕುಬ್ರಾಬೇಗಂ ಮೆಟ್ಟಿಲಲ್ಲಿ ಸಿಕ್ಕರು. "ಹುಚ್ಚು ಹಿಡೀಲಿಲ್ಲ ನೋಡು ನಿನ್ನ ದೋಸ್ತಗ. ಅಲ್ಲಾ ದೊಡ್ಡವ. ನಾಯಿ ಒಳ್ಳೇದಿತ್ತು" ಅಂದರು.

26-4

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿದೆ? ಒಂದೇ ರೂಮು, ಒಂದೇ ಲಾಟೀನು, ಒಂದೇ ಪುಸ್ತಕ. ಅವನು ಹೇಳಿಕೊಡುತ್ತಾನೆ, ನಾನು ತಲೆ ಆಡಿಸುತ್ತೇನೆ. ತೋಳಿನ ಗಾಯ ಮಾಯಿತು, ಎರಡು ಕಪ್ಪು ಚುಕ್ಕೆ ಉಳಿದಿವೆ.

ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು: ಭಾಗಣ್ಣನಿಗೆ ಜಾಮೀನು ಇಲ್ಲ. ಅವನು ತೋರಿಸಿದ ಅಂತ ಒಂದು ಸಲಿಕೆ ಸಿಕ್ಕಿದೆಯಂತೆ. ಮುದುಕನನ್ನು ದೂಡಿದ್ದು, ಸಲಿಕೆ ಎಲ್ಲಿಂದ ಬಂತು? ಮಾನಪ್ಪ ಅದನ್ನು ಓದಿದ, ಮಡಚಿ ಇಟ್ಟ, "ಸೆಕ್ಷನ್ ಇಪ್ಪತ್ತೇಳು ಓದಿದಿ? ಆರೋಪಿ ತೋರಿಸಿಕೊಟ್ಟ ಸಾಮಾನಿಂದು" ಅಂದ.

ಸಂಜೆ ಬಸ್ಸಿಗೆ ರೊಟ್ಟಿ ಬಂತು. ನನ್ನ ಗಂಟು ಬೇರೆ. ಬಿಚ್ಚಲಿಲ್ಲ.

29-4

ಕೇಳಿಬಿಟ್ಟೆ. ಬೆಳಿಗ್ಗೆ ಮಾಳಿಗೆ ಮೇಲೆ, ಅವನು ಅಂಗಿ ಒಣಗಲು ಹಾಕುತ್ತಿದ್ದ. ಕ್ರಾಸ್ ಎಕ್ಸಾಮಿನೇಶನ್ ಗಿಕ್ಸಾಮಿನೇಶನ್ ಏನೂ ನೆನಪಾಗಲಿಲ್ಲ.

"ಮಾನ್ಯಾ, ನಾಯಿ ಬಣ್ಣ ಏನಿತ್ತು?"

ಅಂಗಿ ಹಿಂಡುತ್ತಲೇ ಇದ್ದ. ನೀರು ನಿಂತ ಮೇಲೂ ಹಿಂಡಿದ. ಆಮೇಲೆ ಕಟ್ಟೆಗೆ ಕೂತ.

"ಅವತ್ತು ನೀರಿನ ಪಾಳಿ ನಮ್ದಿತ್ತು. ಮ್ಯಾಲಿನ ಊರವ್ರು ಗೇಟು ಇಳಿಸಿ ಹೋಗಿದ್ರು. ಎತ್ತಪ್ಪ ಅಂದೆ. ಸಾಹೇಬ್ರು ಹೇಳ್ಬೇಕು ಅಂದ ಮುದುಕ. ಕೀಲಿ ಕಸಗೊಳ್ಳಾಕ ಹೋದೆ, ಕೊಡಲಿಲ್ಲ. ದೂಡಿದೆ. ಒಂದೇ ಸಲ ದೂಡೀನಿ ಈಶ್ಯಾ, ನಿನ್ನಾಣಿ. ಕಬ್ಬಿಣಕ್ಕ ತಲಿ ಬಡೀತು. ಆ ಸಪ್ಪಳ..."

ಅತ್ತ. ಅವನು ಅಳುವುದನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಅಳು ಬರಲಿಲ್ಲ. ನಾಯಿಯೇ ಅಂತ ಒಂದು ಸಲ ಅಂದುಬಿಟ್ಟಿದ್ದರೆ ನಂಬುತ್ತಿದ್ದೆ. ನಂಬಲು ತಯಾರಾಗಿಯೇ ಹೋಗಿದ್ದೆ.

"ಭಾಗಣ್ಣ?" ಅಂದೆ.

"ಬಿಡ್ತಾರ. ಗುರುತು ಹಿಡಿದಿಲ್ಲ, ಕನ್ಫೆಷನ್ ನಡಿಯಂಗಿಲ್ಲ, ಸಲಿಕಿ ನಿಲ್ಲಂಗಿಲ್ಲ. ಅಕ್ವಿಟ್ ಆಗ್ತಾನ."

"ಯಾವಾಗ?"

"ಎರಡು ವರ್ಷ. ಮೂರು." ನೆಲ ನೋಡುತ್ತ ಹೇಳಿದ. "ಒಂದೊಂದು ಸಲ ಅಕ್ವಿಟ್ ಆಗೋದೂ ಇಲ್ಲ."

"ನನಗ್ಯಾಕ ಹೇಳಿದಿ ಇದನ್ನೆಲ್ಲ? ಗೆಳೆಯನ ಮುಂದ ಹೇಳಿದ್ದು ನಡೀತದ, ಗೊತ್ತದ ಏನು?"

"ನಾನೇ ಹೇಳಿಕೊಟ್ಟೀನಲ್ಲಲೇ" ಅಂದ.

ಬಾಯಿ ಮುಚ್ಚು ಅನ್ನಲಿಲ್ಲ, ಆಣೆ ಹಾಕಿಸಲಿಲ್ಲ. ಅಂದಿದ್ದರೆ ಸಿಟ್ಟಾದರೂ ಬರುತ್ತಿತ್ತು.

4-5, ಪರೀಕ್ಷೆ ಮುಗಿಸಿ

ಐದನೇ ಪ್ರಶ್ನೆ: ಗುರುತು ಪರೇಡ್ ಎಂದರೇನು? ಅದರ ಸಾಕ್ಷ್ಯಮೌಲ್ಯವನ್ನು ವಿವರಿಸಿರಿ.

ಎರಡು ಸಲ ಓದಿದೆ. ಮಾನಪ್ಪ ನನ್ನ ಮುಂದಿನ ಸಾಲಿನಲ್ಲಿ. ಪೆನ್ನು ಕೆಳಗಿಟ್ಟಿದ್ದ. ಅವನ ಬೆನ್ನು ನೋಡುತ್ತ ಕೂತೆ. ಆಮೇಲೆ ಅವನು ಬರೆಯಲು ಶುರು ಮಾಡಿದ, ಎಡೆಬಿಡದೆ ಬರೆದ. ಕೈ ಎತ್ತಿ ಇನ್ನೊಂದು ಹಾಳೆ ಕೇಳಿದ. ಅಂಗಿಯ ತೋಳು ಜಾರಿತು.

ನಾನೂ ಬರೆದೆ. ಸಾಲಿನಲ್ಲಿ ನಿಂತ ಬೇರೆಯವನನ್ನು ಸಾಕ್ಷಿ ಗುರುತಿಸಿದರೆ ಆ ಗುರುತಿಗೆ ಬೆಲೆ ಇಲ್ಲ ಅಂತ ಬರೆದೆ. ಅದೇ ಸರಿಯಾದ ಉತ್ತರ. ಪೂರ್ತಿ ಮಾರ್ಕ್ಸ್ ಬರುತ್ತದೆ. ಇಷ್ಟು ನಾಚಿಕೆ ನನಗೆ ಫೇಲಾದಾಗಲೂ ಆಗಿರಲಿಲ್ಲ.

ಹೊರಗೆ ಬಂದ ಮೇಲೆ ಅವನು ಎಂದಿನಂತೆ "ಹೆಂಗ ಬರದಿ?" ಅಂದ. ನಾಳೆ ಭಾಗಣ್ಣನ ತಾರೀಖು, ಶಹಾಪುರಕ್ಕೆ ಹೋಗ್ತೀನಿ, ನೀನೂ ಬಾ ಅಂದೆ. "ಅವ್ವಗ ಒಂದು ಸಲ ಮಾರಿ ತೋರಿಸಿ ಬರ್ತೀನಿ" ಅಂತ ಸುರಪುರದ ಬಸ್ಸು ಹತ್ತಿದ. ಬರುತ್ತಾನೋ ಇಲ್ಲವೋ. ಬರದಿದ್ದರೂ ನಾನು ಹೋಗಬೇಕು. ಇದನ್ನು ಬರೆದಿಡುತ್ತೇನೆ, ಬೆಳಗಾದ ಮೇಲೆ ಕಾಲು ಹಿಂದೆ ತೆಗೆಯಬಾರದಲ್ಲ.

5-5, ಶಹಾಪುರ, ಕೋರ್ಟಿನ ಪಡಸಾಲೆ

ಭಾಗಣ್ಣನ ವಕೀಲರಿಗೆ ಎಲ್ಲ ಹೇಳಿದೆ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಕೂಡ್ರಿ. ಜಡ್ಜ್ ಸಾಹೇಬ್ರಿಗಿ ಹೇಳ್ತೀನಿ. ಹೆಸರು ಹಿಡಿದು ಕರೀತಾರ" ಅಂದರು.

ಕೂತಿದ್ದೇನೆ. ಮಾನಪ್ಪ ಬಂದಿಲ್ಲ. ಸುರಪುರದ ಕಡೆಯಿಂದ ಬಸ್ಸು ಬಂದಾಗಲೆಲ್ಲ ಎದ್ದು ನೋಡುತ್ತೇನೆ. ಬರಲಿ ಅಂತಲೂ ಅನ್ನಿಸುತ್ತದೆ, ಬಾರದಿರಲಿ ಅಂತಲೂ. ಮರಿಲಿಂಗಮ್ಮನ ರೊಟ್ಟಿಯ ವಾಸನೆ ಇನ್ನೂ ನನ್ನ ಚೀಲದಲ್ಲಿದೆ.

ತಿಮ್ಮವ್ವನೂ ಬಂದಿದ್ದಾಳೆ. ಪ್ರತಿ ತಾರೀಖಿಗೂ ಬರುತ್ತಾಳಂತೆ, ಯಾರೂ ಕರೆಯದಿದ್ದರೂ. ಪಡಸಾಲೆಯ ಆ ತುದಿಯಿಂದ ನನ್ನನ್ನೇ ನೋಡುತ್ತಿದ್ದಳು. ಎದ್ದು ಬಂದು ಪಕ್ಕದಲ್ಲಿ ಕೂತಳು. ನನ್ನ ಗುರುತು ಸಿಕ್ಕಿತಾ ಯವ್ವಾ ಅಂತ ಕೇಳಿದೆ.

"ಸಿಗದೇನು? ಬಸ್ ಸ್ಟ್ಯಾಂಡಿನ್ಯಾಗ ಮಾತಾಡಿದಿ" ಅಂದಳು. "ಅದಕೂ ಮೊದಲು ಸಾಲಿನ್ಯಾಗ ಅವನ ಬಲಕ್ಕ ನಿಂತಿದ್ದಿ. ಕಡೀ ಸಲ ಅವನ ಅಂಗಿ ನಿನ್ನ ಮೈಮ್ಯಾಲಿತ್ತು. ಎಲ್ಲಾರೂ ನಕ್ರು. ನೀ ಜರ ಜೋರ್ಲೇ ನಕ್ಕಿ."

ತಲೆ ಬಗ್ಗಿಸಿ ಇದನ್ನು ಬರೆಯುತ್ತ ಕೂತಿದ್ದೇನೆ. ಅವಳು ಎದ್ದು ಹೋಗಿಲ್ಲ.

ಬಾಗಿಲಿನವನು ಹೆಸರು ಕೂಗುತ್ತಿದ್ದಾನೆ. ನನ್ನದೇ. ಈಶಪ್ಪ, ಸಾಕಿನ್ ರಾಮಸಮುದ್ರ. ಎರಡನೇ ಸಲ ಕೂಗಿದ. ತಿಮ್ಮವ್ವ ನನ್ನ ಹೆಗಲ ಮೇಲೆ ಕೈ ಇಟ್ಟಿದ್ದಾಳೆ.