ನಲ್ಲಿಯ ಮುಂದೆ ಆಡಿದ ಮಾತು

ಅಕ್ಕಾ,

ಬೂದಿ ಬುಧವಾರ ನಿನ್ನ ಗಂಡನನ್ನು ಚರ್ಚಿನಲ್ಲಿ ನೋಡಿದೆ. ನಿನ್ನನ್ನು ಮಣ್ಣು ಮಾಡಿದ ಮೇಲೆ ಅದೇ ಮೊದಲು. ಗಡ್ಡ ಬಿಟ್ಟಿದ್ದರು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಸ್ವಾಮಿಗಳು ಹಣೆಗೆ ಬೂದಿ ಹಚ್ಚಿದಾಗ ಹೆಂಗಸರ ಸಾಲಿಗೂ ಕೇಳಿಸುವ ಹಾಗೆ ಅತ್ತರು. ಪಕ್ಕದಲ್ಲಿದ್ದ ಚೌರಮ್ಮತ್ತೆ, "ಪಾಪ, ಇನ್ನಾಸಪ್ಪ ಎಷ್ಟು ಇಳಿದ್ಹೋಗಿದಾನೆ ನೋಡೇ" ಅಂದರು. ನನಗೆ ಮೈಯೆಲ್ಲ ಉರಿಯಿತು. ನೀನು ಜ್ವರದಲ್ಲಿ ಇಳಿದುಹೋಗುತ್ತಿದ್ದಾಗ ಈ ಪಾಪ ಎಲ್ಲಿಗೆ ಹೋಗಿತ್ತು?

ನಾವು ಚಿಕ್ಕವರಿದ್ದಾಗ, ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳಿಕೊಡುತ್ತಿದ್ದ ಉಪದೇಶಿಯವರನ್ನು ನೀನು ಒಮ್ಮೆ ಸಿಕ್ಕಿಸಿಹಾಕಿದ್ದೆ. "ಉಪವಾಸ ಮಾಡೋವಾಗ ಮುಖ ತೊಳ್ಕೊಳ್ಳಿ, ಯಾರಿಗೂ ಗೊತ್ತಾಗ್ಬಾರ್ದು ಅಂತ ಯೇಸುಸ್ವಾಮಿನೇ ಹೇಳಿದಾರೆ. ಮತ್ತೆ ನೀವ್ಯಾಕೆ ಬೂದಿ ಹಚ್ತೀರಿ?" ಅವರು ತಲೆ ಕೆರೆದುಕೊಂಡು, "ಮನಸ್ಸಿಗೆ ಮರೆವು ಜಾಸ್ತಿ ಮಗಳೇ, ಅದಕ್ಕೆ ಮೈಗೆ ಹೇಳಿಡ್ತೀವಿ" ಅಂದರು. ನೀನು ಒಪ್ಪಿದೆ. ನಾನು ಒಪ್ಪಲಿಲ್ಲ. ಮೈ ಎಷ್ಟು ಬೇಕಾದರೂ ನಟಿಸುತ್ತದೆ ಅಂತ ನನಗೆ ಆಗಲೇ ಅನಿಸಿತ್ತು.

ರಾಜಾಜಿನಗರಕ್ಕೆ ನೀನು ಸಂಸಾರ ಹೂಡಲು ಹೋದಾಗ ಎಷ್ಟು ಹಿಗ್ಗಿದ್ದೆ! ಹೊಸ ಬಡಾವಣೆ, ಭಾವನಿಗೆ ಕಾರ್ಖಾನೆ ಕೆಲಸ, ಬೀದಿಯ ಕೊನೆಗೆ ನಲ್ಲಿ. ಆ ನಲ್ಲಿಯ ಹತ್ತಿರವೇ ಅಲ್ಲವೇ ಒಂದು ಬೆಳಿಗ್ಗೆ, ನೀರಿಗೆ ನಿಂತ ಹೆಂಗಸರೆಲ್ಲರ ಮುಂದೆ ನಿನ್ನ ಗಂಡ ಕೂಗಿದ್ದು, "ಈ ಬೆಕ್ಕಿನ ಕಣ್ಣಿನ ಮಗು ನಂದಲ್ಲ" ಅಂತ? ನಮ್ಮ ಅಜ್ಜಿಗೂ ಅದೇ ಕಣ್ಣಿತ್ತು. ಅದನ್ನು ಹೇಳುವುದಕ್ಕೂ ನಿನಗೆ ಬಾಯಿ ಬರಲಿಲ್ಲ. ತೆರೇಸಳನ್ನು ಸೊಂಟಕ್ಕೆ ಹಾಕಿಕೊಂಡು ಸುಂಕದಕಟ್ಟೆಗೆ, ಅಮ್ಮನ ಮನೆಗೆ ಬಂದುಬಿಟ್ಟೆ. ವಿಷಮಜ್ವರ ಏರಿದ ಮೇಲೂ ಒಂದೇ ಕನವರಿಕೆ, "ಅವರೆಲ್ಲ ನಂಬಿಬಿಟ್ರು ಕಣೇ..."

ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ಈ ತಪಸ್ಸು ಕಾಲದ ಪ್ರತಿ ಶುಕ್ರವಾರ ಭಾವ ಮಾಗಡಿ ರಸ್ತೆಯುದ್ದಕ್ಕೂ ಬರಿಗಾಲಲ್ಲಿ ನಡೆದು ನಮ್ಮ ಮನೆಗೆ ಬಂದರು. ಒಂದು ಲೋಟ ನೀರು ಕೂಡ ಕುಡಿಯುವುದಿಲ್ಲ, ಉಪವಾಸವಂತೆ. ಹೊಸಿಲಲ್ಲಿ ಕೂತು ಒಂದೇ ಮಾತು, "ಮಗೂನ ಕಳಿಸ್ಕೊಡಿ." ಅಮ್ಮ ಕರಗಿಹೋದಳು. "ಇಷ್ಟು ದಂಡಿಸ್ಕೋತಿದಾನೆ, ಕ್ಷಮಿಸ್ದೇ ಇದ್ರೆ ಪಾಪ ನಮಗೇ ಸುತ್ಕೊಳುತ್ತೆ" ಅನ್ನುತ್ತಾಳೆ. ಕ್ಷಮಿಸುವುದು ಬೇರೆ, ಮಗು ಕೊಡುವುದು ಬೇರೆ ಅಂದರೆ ಅವಳ ಕಿವಿಗೆ ಹೋಗುವುದಿಲ್ಲ. ನಾಳೆ ಮತ್ತೆ ಸಂಶಯ ಹೆಡೆಯೆತ್ತಿದರೆ ಆ ಮನೆಯಲ್ಲಿ ತೆರೇಸಳ ಪಕ್ಕ ಯಾರಿರುತ್ತಾರೆ?

ಶುಭ ಶುಕ್ರವಾರ ಮಟಮಟ ಮಧ್ಯಾಹ್ನ ಭಾವ ಮೊಣಕಾಲಲ್ಲಿ ಚರ್ಚು ಸುತ್ತಿದರು. ಜಲ್ಲಿಕಲ್ಲು ಚುಚ್ಚಿ ಪಂಚೆಯ ಮೇಲೆ ರಕ್ತ. ಜನ ಕಣ್ಣೊರೆಸಿಕೊಂಡರು. ನಾನು ಆ ಮೊಣಕಾಲನ್ನೇ ನೋಡುತ್ತಾ ನಿಂತಿದ್ದೆ. ಆ ಮಾತು ಆಡಿದ್ದು ಮೊಣಕಾಲಲ್ಲವಲ್ಲ ಅಕ್ಕ!

ಅವರು ಎದ್ದು ನಿಂತ ಮೇಲೆ ಹತ್ತಿರ ಹೋಗಿ ಹೇಳಿಯೇಬಿಟ್ಟೆ. "ಭಾವ, ಇಲ್ಲಿ ಯಾರ ಮುಂದೆ ನೀವು ಅಕ್ಕನ್ನ ಬೈದಿದ್ರಿ? ಆ ನಲ್ಲಿ ಹತ್ರ ಹೋಗಿ ಅದು ಸುಳ್ಳು ಅಂತ ಹೇಳಿ."

ಮುಖ ಬಿಳಿಚಿಕೊಂಡಿತು. "ಪಾಪನಿವೇದನೆ ಮಾಡಿದೀನಿ. ಸ್ವಾಮಿಗಳೇ ಕ್ಷಮಿಸಿದಾರೆ. ಅಲ್ಲಿರೋರು ಯಾರೂ ನಮ್ಮ ಜನ ಅಲ್ಲ, ಅವ್ರ ಮುಂದೆ ಯಾಕಮ್ಮ?"

"ಸುಳ್ಳು ಹೇಳೋವಾಗ ನಮ್ಮ ಜನಾನಾ ಅಂತ ಕೇಳಿದ್ರಾ?"

ಅವರು ಪಂಚೆ ಕೊಡವಿಕೊಂಡು ಹೊರಟೇಬಿಟ್ಟರು. ರಕ್ತ ಸುರಿಸುವುದಕ್ಕೆ ಸಿದ್ಧ, ಆದರೆ ಒಂದು ಮಾತಿಗೆ ಇಷ್ಟು ಹೆದರಿಕೆ! ನನ್ನ ಅನುಮಾನ ನಿಜವಾಯಿತು ಅಂದುಕೊಂಡು ಮನೆಗೆ ಬಂದೆ.

ಈಸ್ಟರ್ ಕಳೆದ ಮರುವಾರ ಅವರೇ ಬಂದು, "ನಲ್ಲಿ ಹತ್ರ ಹೋಗ್ತಿದೀನಿ, ನೀನೂ ಬಾ, ಇಲ್ದಿದ್ರೆ ನೀನು ನಂಬಲ್ಲ" ಅಂದರು. ಹೋದೆ. ಗಡ್ಡ ತೆಗೆದಿದ್ದರು, ಕಾಲಲ್ಲಿ ಚಪ್ಪಲಿ ಇತ್ತು, ದಿನಾ ಕೆಲಸಕ್ಕೆ ಹೋಗುವ ಅಂಗಿ. ಬೆಳಗಿನ ನೀರಿಗೆ ಹೆಂಗಸರು ಸಾಲು ನಿಂತಿದ್ದರು. ಚರ್ಚಿನಲ್ಲಿ ಅತ್ತವರು ಇಲ್ಲಿ ಅಳಲಿಲ್ಲ. ತೊದಲುತ್ತಲೇ ಹೇಳಿದರು: "ಅವತ್ತು ನಾನಿಲ್ಲಿ ಹೇಳಿದ್ದು ಸುಳ್ಳು. ಮಗು ನಂದೇ. ಜ್ಞಾನಮ್ಮಂದು ಏನೂ ತಪ್ಪಿರ್ಲಿಲ್ಲ." ಒಬ್ಬಳು ಮುಖ ತಿರುಗಿಸಿದಳು, ಇನ್ನೊಬ್ಬಳು ನಕ್ಕಳು. ಆ ಮುಖದಲ್ಲಿ ನಾಟಕವನ್ನು ಹುಡುಕಿದೆ ಅಕ್ಕ, ಚೆನ್ನಾಗಿಯೇ ಹುಡುಕಿದೆ. ಸಿಗಲಿಲ್ಲ.

ಆದರೂ ತೆರೇಸಳನ್ನು ಕಳಿಸಲಿಲ್ಲ. ಒಂದು ಬೆಳಗಿನ ಧೈರ್ಯ ನೋಡಿ ಮಗುವನ್ನು ಕೊಡಲು ನಾನು ಅಮ್ಮನಷ್ಟು ಮೆತ್ತಗಿಲ್ಲ. ಭಾನುವಾರ ಪೂಜೆ ಮುಗಿಸಿ ಬರಲಿ, ನಮ್ಮ ಕಣ್ಣೆದುರಿಗೇ ಆಡಿಸಲಿ. ಮುಂದಿನದು ಮುಂದೆ ನೋಡೋಣ. ಭಾವ ಸರಿ ಅಂದಿದ್ದಾರೆ. ಸರಿ ಅಂದಿದ್ದು ಎಷ್ಟು ದಿನಕ್ಕೋ, ಅದನ್ನೂ ನೋಡುತ್ತೇನೆ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಅವತ್ತು ಭಾವ ತಲೆ ತಗ್ಗಿಸಿ ನಿಂತಿದ್ದಾಗ ನಿನ್ನ ಎದುರುಮನೆಯ ಪುಟ್ಟಮ್ಮ ಸಾಲು ಬಿಟ್ಟು ಮುಂದೆ ಬಂದಳು. "ಅಲ್ಲಯ್ಯಾ, ನಿನ್ನ ಮಾತನ್ನ ಇಲ್ಲಿ ನಂಬಿದೋರಾದ್ರೂ ಯಾರು? ಆ ಹುಡುಗಿ ಕೊಡ ಬಿಟ್ಟು ಓಡ್ಹೋದ್ಲು. ಆ ಕೊಡ ನಾನೇ ತುಂಬಿಸ್ಕೊಂಡು ಹೋಗಿ, ಇದನ್ನೇ ಹೇಳೋಣಾಂತ ಎಷ್ಟು ಬಾಗಿಲು ತಟ್ಟಿದೆ. ತೆಗೀಲೇ ಇಲ್ಲ."

ಯಾರೂ ನಂಬಿರಲಿಲ್ಲ ಅಕ್ಕ. ಒಬ್ಬರೂ ನಂಬಿರಲಿಲ್ಲ.