ಕೊನೆಯ ತಿರುವು

ಮಾರ್ಚ್ 6, 1983. ಬೆಳಗ್ಗೆ

ಇವತ್ತೂ ಕರಾಟೆ ಗರಡಿಯಲ್ಲಿ ಅಪ್ಪನಿಂದ ಮಂಡಿಗೆ ಬಿದಿರು ಕೋಲಿನ ಏಟು, ಮಗಳೆಂದು ರಿಯಾಯಿತಿ ಇಲ್ಲ. ನನಗೆ ನಲವತ್ತಾರು, ಅಪ್ಪನಿಗೆ ಎಪ್ಪತ್ತೊಂದು. ಕೋಲಿಗೆ ಮಾತ್ರ ವಯಸ್ಸಾಗುವುದಿಲ್ಲ. ನನ್ನ ಊಟದಂಗಡಿಗೆ ಬಂದು ಸೋಬಾ ಶಾವಿಗೆಯ ಸಾರಿಗೆ ಹಂದಿ ಮೂಳೆ ಹಾಕಿಟ್ಟಿದ್ದೇನೆ.

ನಮ್ಮ ದ್ವೀಪದ ರಾಜಧಾನಿ ನಾಹಾದ ಕರಾಟೆ ಸಂಘದಿಂದ ಕಾಗದ. ನಮ್ಮ ಶೈಲಿಯ ವಂಶಾವಳಿ ಬೇಕಂತೆ... ಯಾರಿಂದ ಯಾರು ಕಲಿತರು. ನಮ್ಮ ಗರಡಿ, ತೋಮಾ ಗರಡಿ, ಎರಡರ ಸಹಿಯೂ ಒಂದೇ ಹಾಳೆಯಲ್ಲಿ. ಏಪ್ರಿಲ್ ಕೊನೆಯೊಳಗೆ ಕಳಿಸದಿದ್ದರೆ ಶೈಲಿಯ ಹೆಸರೇ ಪಟ್ಟಿಯಿಂದ ಔಟ್.

ಅಪ್ಪ: "ತೋಮಾನಾ? ಕೊನೇಲಿ ಬಲಕ್ಕೆ ತಿರುಗೋನು. ಗುರುಗಳ ವರಸೆ ಕೆಡಿಸಿದೋನು. ಅವನ ಹೆಸರಿರೋ ಹಾಳೇಲಿ ನನ್ನ ಹೆಸರು ಬರಲ್ಲ."

ನಾವು ಎಡಕ್ಕೆ. ಒಂದು ತಿರುವಿಗಾಗಿ ಮೂವತ್ತು ವರ್ಷ ಮಾತಿಲ್ಲ. ಅಕಾಮಿನೆ ಗುರುಗಳ ಶಿಷ್ಯರಲ್ಲಿ ಉಳಿದವರೇ ಇವರಿಬ್ಬರು. ಹಟಮಾರಿ ಮುದುಕರು.

ಮಾರ್ಚ್ 13

ಗುರುಗಳ ಮನೆತನದ ಸಮಾಧಿಯ ಅಂಗಳ ಗುಡಿಸಲು ಹೋದೆ. ಅವರ ಮನೆಯವರೆಲ್ಲ ಯುದ್ಧದಲ್ಲಿ ಹೋದರು. ಈಗ ನಾವೇ ವಾರಸುದಾರರು. ಭಾನುವಾರ ನಮ್ಮ ಪಾಳಿ, ಸೋಮವಾರ ತೋಮಾ ಗರಡಿಯವರದು, ಮುಖ ನೋಡಬಾರದೆಂದು. ಆದರೂ ತೋಮಾ ಚಿಕ್ಕಪ್ಪ (ನಂಟಲ್ಲ, ಚಿಕ್ಕಂದಿನಿಂದ ಹಾಗೇ ಕರೆದು ರೂಢಿ) ಕಾದು ಕೂತಿದ್ದ. ಅವನಿಗೂ ಕಾಗದ ಬಂದಿದೆ.

"ನಿಮ್ಮಪ್ಪ ಇನ್ನೂ ಎಡಕ್ಕೇನಾ?"

"ಎಡಕ್ಕೇ. ನೀವು ಕೆಡಿಸಿದ್ರಿ ಅಂತಾರೆ."

ನಕ್ಕ. "ಇದೇ ಅಂಗಳ ಮಗಾ, ಕಲಿತಿದ್ದು. ಎಷ್ಟು ಇಕ್ಕಟ್ಟು ನೋಡು. ಗುರುಗಳು ನಡುವೆ. ನಿಮ್ಮಪ್ಪ ದೊಡ್ಡ ಶಿಷ್ಯ ಅಲ್ವಾ, ಅವರಿಗೆ ಎದುರಾಗಿ ನಿಂತ. ನಾನು ಚಿಕ್ಕೋನು, ಅವರ ಬೆನ್ನ ಹಿಂದೆ."

ಗುಡಿಸುವುದು ನಿಲ್ಲಿಸಿದೆ. ಎದುರು ನಿಂತವನಿಗೆ ಕನ್ನಡಿ. ಗುರು ಬಲಕ್ಕೆ ತಿರುಗಿದರೆ ಅಪ್ಪನಿಗೆ ಅದು ಎಡ...

"ಗುರುಗಳು ತಿದ್ದಲಿಲ್ವಾ?"

"ಆ ತಿರುವು ಹೇಳ್ಕೊಟ್ಟಿದ್ದು ಕಡೇ ದಿನ. ಮಾರನೇ ದಿನ ಶತ್ರುಗಳ ಯುದ್ಧದ ಹಡಗುಗಳು ಬಂದ್ವು. ಗುರುಗಳೂ ಉಳೀಲಿಲ್ಲ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಅಣ್ಣನಿಗೆ ಹೇಳೋದು ಹೇಗಮ್ಮ?"

ಪೊರಕೆ ಗೋಡೆಗೆ ಒರಗಿಸಿ ಮನೆಗೆ ಬಂದೆ, ಇಬ್ಬರ ಮೇಲೂ ಸಿಟ್ಟು.

ಮಾರ್ಚ್ 14

ಹೇಳಲಿಲ್ಲ.

ಮಾರ್ಚ್ 15

ಹೇಳಲಿಲ್ಲ. ಹೇಡಿ.

ಮಾರ್ಚ್ 27. ಬೆಳಗ್ಗೆ 7

ಮಾತಿನಲ್ಲಿ ಹೇಳಲಾಗಲಿಲ್ಲ. ಗರಡಿಯಲ್ಲಿ ಎದುರು ನಿಂತೆ. "ಅಪ್ಪಾ, ನನ್ನ ನೋಡ್ಕೊಂಡು ಹಾಗೇ ಮಾಡಿ." ಬೈದುಕೊಂಡೇ ಮಾಡಿದ. ಕೊನೆಯಲ್ಲಿ ನಾನು ಬಲಕ್ಕೆ ತಿರುಗಿದೆ. ಅಪ್ಪ ನನ್ನ ಜೊತೆಗೇ ಎಡಕ್ಕೆ.

ನಿಂತುಬಿಟ್ಟ. "ತೋಮಾ ಎಲ್ಲಿ ನಿಲ್ತಿದ್ದ?" ಅಂದ. ಅವನಿಗೇ ಗೊತ್ತು ಎಲ್ಲಿ ಅಂತ. ಕೋಲು ಕೆಳಗಿಟ್ಟು ಒಳಗೆ ಹೋದ.

ಏಪ್ರಿಲ್ 4

ಎಂಟು ದಿನವಾಯಿತು, ಕೋಲು ಮುಟ್ಟಿಲ್ಲ. ಊಟ ಅರ್ಧಂಬರ್ಧ. ಎಲ್ಲಾದರೂ ಹಾಸಿಗೆ ಹಿಡಿದಾನು ಎಂದು ಹೆದರಿಕೆ. ನಾನೇ ಕೊಂದೆನೇನೋ ಅನ್ನಿಸುತ್ತದೆ.

ಏಪ್ರಿಲ್ 9

ಇವತ್ತು ಬಾಯಿಬಿಟ್ಟ. "ಎಷ್ಟು ಜನಕ್ಕೆ ತಪ್ಪು ಹೇಳ್ಕೊಟ್ಟೆ, ಫೂಮಿ."

"ಅವರೆಲ್ಲಾ ನಿಮ್ಮಿಂದ ನೆಟ್ಟಗೆ ನಿಲ್ಲೋದೂ ಕಲಿತ್ರು."

"ಸಮಾಧಾನ ಮಾಡೋಕೆ ಬರಬೇಡ." ಆಮೇಲೆ: "ಶೀಮಿ ಹಬ್ಬದ ದಿನ ತೋಮಾ ಕಡೆಯವರನ್ನೂ ಸಮಾಧಿ ಹತ್ರ ಬರೋಕೆ ಹೇಳು. ಹೋದ ಹಿರಿಯರಿಗೆ ಒಟ್ಟಿಗೇ ಎಡೆ ಇಡೋಣ. ಹಂದಿಮಾಂಸ ಜಾಸ್ತಿ ಬೇಯ್ಸು. ತೋಮಾ ತಿಂಡಿಪೋತ."

ಅಡುಗೆಮನೆಗೆ ಹೋಗಿ ಅತ್ತೆ. ಖುಷಿಗೆ.

ಏಪ್ರಿಲ್ 17. ಶೀಮಿ, ಮಧ್ಯಾಹ್ನ

ಸಮಾಧಿ ಅಂಗಳದ ಗೋಡೆ ಮೇಲೆ ಕೂತು ಬರೆಯುತ್ತಿದ್ದೇನೆ. ಎಡೆ ಆಯಿತು. ಎರಡೂ ಗರಡಿಯವರು ಒಂದೇ ಚಾಪೆಯಲ್ಲಿ ಉಂಡರು. ಮುದುಕರು ಮಾತ್ರ ಬೆಳಗಿನಿಂದ ಹವಾಮಾನ ಬಿಟ್ಟು ಬೇರೇನೂ ಆಡಿಲ್ಲ. ಸಂಘದ ಹಾಳೆ ಸಹಿಯಿಲ್ಲದೆ ನನ್ನ ಚೀಲದಲ್ಲೇ ಇದೆ.

ಅಪ್ಪ ಈಗ ಎದ್ದ. "ತೋಮಾ, ಆ ತಿರುವು ತೋರ್ಸು."

"ನಾನಾ? ಅಣ್ಣಾ, ನೀವು ಹಿರಿಯರು, ನೀವು ಮುಂದೆ..."

"ಮುಂದೆ ನಿಂತೇ ಕೆಟ್ಟಿದ್ದು."

ತೋಮಾ ಚಿಕ್ಕಪ್ಪ ಅಂಗಳದ ನಡುವೆ ಹೋಗಿ ನಿಂತ, ಕಣ್ಣೊರೆಸಿಕೊಂಡು. ಅಪ್ಪ ಅವನ ಬೆನ್ನ ಹಿಂದೆ. ನಮ್ಮ ಗರಡಿಯ ಹನ್ನೊಂದು ಜನ ಒಬ್ಬೊಬ್ಬರಾಗಿ ಎದ್ದು ಅಪ್ಪನ ಹಿಂದೆ ನಿಲ್ಲುತ್ತಿದ್ದಾರೆ... "ಫೂಮಿ, ನಿಂಗೇನು ಬೇರೆ ಕರೆಯೋಲೆ ಬೇಕಾ?" ಅಪ್ಪ ಕರೆಯುತ್ತಿದ್ದಾನೆ, ಬಂದೆ—