ಇರುವೆ ಕಚ್ಚಿದಷ್ಟು

ಮಂಗಳವಾರ, ಮಾರ್ಚ್ ೧೧

ಗೋಡೆಗೆ ರಭಸದಿಂದ ನೀರು ಹೊಡೆಯುವ ವಾಷರ್‌ನ ಎಂಜಿನ್ ಆರಿಸಿದರೂ ಪೈಪಿನಲ್ಲಿ ಪ್ರೆಶರ್ ಉಳಿದಿರುತ್ತದೆ, ಮೊದಲು ನೀರು ಚಿಮ್ಮುವ ಗನ್ ಒತ್ತಿ ಅದನ್ನು ಬಿಡಬೇಕು ಎಂದು ನನಗೆ ಕಲಿಸಿದವನೇ ಅಣ್ಣ. ಇವತ್ತು ಅವನೇ ಮರೆತ. ಸೋಪಿನ ನೀರಲ್ಲಿ ಗೋಡೆ ತೊಳೆಯುವಾಗ ಗನ್ನಿನ ತುದಿಯಲ್ಲಿ ಮರಳು ಸಿಕ್ಕಿಕೊಂಡಿತು. ಎಂಜಿನ್ ಆರಿಸಿ ಹೆಬ್ಬೆರಳಲ್ಲಿ ಉಜ್ಜಲು ಹೋದ, ಇನ್ನೊಂದು ಕೈ ಟ್ರಿಗರ್ ಒತ್ತಿಬಿಟ್ಟಿತು. ಪೈಪಿನಲ್ಲಿ ಉಳಿದಿದ್ದ ನೀರು ಹೆಬ್ಬೆರಳೊಳಗೆ ನುಗ್ಗಿತು. ಚುಕ್ಕೆಯಷ್ಟು ತೂತು, ರಕ್ತವೂ ಇಲ್ಲ.

"ಇರುವೆ ಕಚ್ಚಿದ ಹಾಗಿದೆ, ಬಿಡೋ," ಎಂದು ನಕ್ಕು ಉಳಿದ ಗೋಡೆ ಮುಗಿಸಿದ. ನಾನೂ ನಕ್ಕೆ, ದರಿದ್ರದವನು.

ಸಂಜೆಗೆ ಕೈ ಊದಿ ಕಪ್ಪಿಟ್ಟಿತು, ಆಸ್ಪತ್ರೆಗೆ ಸೇರಿಸಿದೆವು. ಸೋಪಿನ ನೀರು ಒಳಗೆಲ್ಲ ಹರಡಿದೆ, ನಾಳೆ ಬೆಳಿಗ್ಗೆ ಹೆಬ್ಬೆರಳು ತೆಗೆಯಲೇಬೇಕು ಎಂದು ಡಾಕ್ಟರು ನನ್ನನ್ನೂ ಅತ್ತಿಗೆಯನ್ನೂ ಹೊರಗೆ ಕರೆದು ಹೇಳಿದರು.

ಒಳಗೆ ಅಣ್ಣ ಮಂಪರಿನಲ್ಲೇ, "ಟ್ಯಾಂಕ್ ತುಂಬಿಸಿಡು. ನಾಳೆ ಗನ್ ನಾನೇ ಹಿಡೀತೀನಿ," ಎಂದ.

"ಹೂಂ ಅಣ್ಣ," ಅಂದೆ. ಅತ್ತಿಗೆ ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದು ವ್ಯಾನಿನ ಟ್ಯಾಂಕ್ ತುಂಬಿಸಿದೆ. ನೀರು ಉಕ್ಕಿ ಚಪ್ಪಲಿ ನೆನೆದರೂ ನಲ್ಲಿ ನಿಲ್ಲಿಸಲು ಕೈ ಬರಲಿಲ್ಲ.